ಪಂಜಿನ ಓಟಕ್ಕೆ ಖಾಲಿ ಹೊಟ್ಟೆ ಸಲ್ಲದು

ಮಕಾರಿಯಾ ಅಜ್ಜಿಯ ಮನೆಯ ನಾಯಿ ದಿನೇ ದಿನೇ ದಪ್ಪಗಾಗುತ್ತಿತ್ತು, ಮೊಮ್ಮಗಳು ಒಡಿಲಿಯಾ ದಿನೇ ದಿನೇ ತೆಳ್ಳಗಾಗುತ್ತಿದ್ದಳು. ಎರಡಕ್ಕೂ ಕಾರಣ ಒಂದೇ ಎಂದು ಅಜ್ಜಿಗೆ ತಿಳಿಯಲು ಎರಡು ತಿಂಗಳು ಹಿಡಿಯಿತು. ಮೂರು ಹೊತ್ತೂ ಹೆಂಚಿನ ಮುಂದೆ ನಿಂತು ಅರ್ಧ ಬೀದಿಗೆ ಮೆಕ್ಕೆಜೋಳದ ರೊಟ್ಟಿ ತಟ್ಟಿ ಮಾರುವ ಹೆಂಗಸಿಗೆ ಸ್ವಂತ ಮನೆಯ ರೊಟ್ಟಿ ಯಾರ ಹೊಟ್ಟೆಗೆ ಹೋಗುತ್ತಿದೆ ಎಂದು ಗೊತ್ತಾಗದೆ ಹೋದದ್ದು ನಾಚಿಕೆಯ ವಿಷಯವೇ. ಈಗ ಅಜ್ಜಿಯೇ ಇದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಾಳೆ, ಹಾಗಾಗಿ ನಾವು ಹೇಳಿದರೂ ತಪ್ಪಿಲ್ಲ.

ಒಡಿಲಿಯಾಗೆ ಹದಿನಾರು ವರ್ಷ. ಸಾನ್ ಹಸಿಂತೊ ಊರಿನ ಶಾಲೆಯಲ್ಲಿ ಕೊನೆಯ ತರಗತಿ. ನಮ್ಮ ಗ್ವಾಟೆಮಾಲಾದಲ್ಲಿ ಸ್ವಾತಂತ್ರ್ಯ ದಿನದ ಹಿಂದಿನ ದಿನ, ಅಂದರೆ ಸೆಪ್ಟೆಂಬರ್ ಹದಿನಾಲ್ಕಕ್ಕೆ, ಶಾಲೆಯ ಮಕ್ಕಳು ರಾಜಧಾನಿಗೆ ಹೋಗಿ ಪಂಜು ಹೊತ್ತಿಸಿಕೊಂಡು, ಕೈಯಿಂದ ಕೈಗೆ ದಾಟಿಸುತ್ತಾ ಓಡಿಕೊಂಡೇ ಊರಿಗೆ ತರುತ್ತಾರೆ. ಹಿಂದೆ ಬಸ್ಸು ಬರುತ್ತಿರುತ್ತದೆ. ಸಾನ್ ಹಸಿಂತೊಗೆ ಕೊನೆಯ ಮೂರು ಕಿಲೋಮೀಟರ್ ಕಷ್ಟದ್ದು. ಕೆಳಗಿನ ಸೇತುವೆಯಿಂದ ಇಗರ್ಜಿಯ ಮುಂದಿನ ಚೌಕದವರೆಗೆ ಬರೀ ಏರು. ಅದನ್ನು ಇಷ್ಟು ವರ್ಷ ಹುಡುಗರೇ ಓಡಿದ್ದರು. ಈ ವರ್ಷ ತರಗತಿಯವರು ಕೈಯೆತ್ತಿ ಒಡಿಲಿಯಾಳನ್ನು ಆರಿಸಿದರು.

ಸುದ್ದಿ ಕೇಳಿದ ದಿನ ಅಜ್ಜಿ ಹಿಗ್ಗಿ ಹೋದಳು. ಅವಳ ಅಣ್ಣ ಕಯೆತಾನೊ ಬದುಕಿದ್ದಾಗ ಅದೇ ಏರನ್ನು ಪಂಜು ಹಿಡಿದು ಓಡಿದ್ದ. ಆ ಮೇಲೆ ಈ ಮನೆಯಿಂದ ಯಾರೂ ಓಡಿರಲಿಲ್ಲ. ಹಿಗ್ಗಿನಲ್ಲಿ ಅಜ್ಜಿ ತನಗೆ ಗೊತ್ತಿದ್ದ ಗುಟ್ಟನ್ನೆಲ್ಲ ಮೊಮ್ಮಗಳಿಗೆ ಹೇಳಿಕೊಟ್ಟಳು.

"ನೋಡು ಮಗಾ, ಓಡೋ ದಿನ ನಮ್ಮಣ್ಣ ಒಂದು ತುತ್ತೂ ತಿಂದಿರ್ಲಿಲ್ಲ. ಅಂಗಿ ಒಳಗೆ ಪ್ಲಾಸ್ಟಿಕ್ ಸುತ್ಕೊಂಡಿದ್ದ. ಮೈಯಲ್ಲಿರೋ ಭಾರ ಎಲ್ಲ ಬೆವರಾಗಿ ಇಳಿದುಹೋಯ್ತು. ಹಗುರ ಇದ್ದೋರಿಗೇ ಏರು ಹತ್ತೋಕಾಗೋದು. ಇವತ್ತಿಂದ ರಾತ್ರಿ ಊಟ ಬಿಡು."

ಅಜ್ಜಿ ಹೇಳಿದ್ದು ರಾತ್ರಿ ಊಟ ಮಾತ್ರ. ಒಡಿಲಿಯಾ ಹಟದ ಹುಡುಗಿ, ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡುವವಳು. ಬೆಳಗಿನ ಅಂಬಲಿಯನ್ನೂ ಬಿಟ್ಟಳು. ಮಧ್ಯಾಹ್ನದ ರೊಟ್ಟಿಯನ್ನು ಯಾರೂ ಕಾಣದಂತೆ ನಾಯಿಗೆ ಹಾಕಿದಳು. ದಿನಾ ಬೆಳಿಗ್ಗೆ ಎದೆಗೂ ಹೊಟ್ಟೆಗೂ ಪ್ಲಾಸ್ಟಿಕ್ ಸುತ್ತಿಕೊಂಡು, ಸ್ಮಶಾನದ ಗೋಡೆಯ ಪಕ್ಕ ಉಸಿರು ಕಟ್ಟುವಷ್ಟು ಜೋರಾಗಿ ಹಿಂದಕ್ಕೂ ಮುಂದಕ್ಕೂ ಓಡಿದಳು. ಆಮೇಲೆ ಕಾಲು ನೋವೆಂದು ಶಾಲೆಗೆ ಆಟೊ ಹತ್ತಿ ಹೋದಳು.

ಜುಲೈ ತಿಂಗಳ ಮೂರನೇ ಶನಿವಾರ ಶಾಲೆಯವರೆಲ್ಲ ಸೇರಿ ಅಭ್ಯಾಸಕ್ಕೆ ಹೊರಟರು. ಸೇತುವೆಯಿಂದ ಒಂದು ಕಿಲೋಮೀಟರ್ ಕೂಡ ಆಗಿರಲಿಲ್ಲ. ಒಡಿಲಿಯಾ ಕಣ್ಣು ಕತ್ತಲೆ ಬಂದು ರಸ್ತೆಯ ಮೇಲೇ ಬಿದ್ದಳು.

ವ್ಯಾಯಾಮದ ಮೇಷ್ಟ್ರು ಬೌದಿಲಿಯೊ ಅವಳನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ತಂದರು. ಅಜ್ಜಿ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿ ಬಂದಳು.

"ದೋನ್ಯಾ ಮಕಾರಿಯಾ, ಬೇಜಾರು ಮಾಡ್ಕೋಬೇಡಿ," ಎಂದರು ಮೇಷ್ಟ್ರು. "ಹೋದ ವರ್ಷ ಇಬ್ಬರು ಮಕ್ಕಳು ದಾರೀಲಿ ಬಿದ್ರು. ಈ ಸಲ ತಂದೆ ತಾಯಂದಿರು ಖಡಾಖಂಡಿತವಾಗಿ ಹೇಳಿದ್ದಾರೆ. ಸೆಪ್ಟೆಂಬರ್ ಒಂದನೇ ತಾರೀಖಿನೊಳಗೆ, ಇವಳು ಓಡಬಹುದು ಅಂತ ಸೆನ್ಯೊ ಸಹಿ ಹಾಕಿದ್ರೆ ಒಡಿಲಿಯಾ ಓಡ್ತಾಳೆ. ಇಲ್ದಿದ್ರೆ ಬಸ್ಸಲ್ಲಿ ಕೂತ್ಕೊಂಡು ಬರ್ತಾಳೆ. ಏರನ್ನ ಬೇರೆ ಯಾರಿಗಾದ್ರೂ ಕೊಡ್ತೀನಿ."

ಸೆನ್ಯೊ ಎಂದರೆ ಇಲ್ಲಿ ನರ್ಸ್ ಫ್ಲೋರಿದಾಲ್ಮಾ. ನಮ್ಮೂರಿನಲ್ಲಿ ಟೀಚರಮ್ಮನನ್ನೂ ನರ್ಸಮ್ಮನನ್ನೂ ಹಾಗೇ ಕರೆಯುವುದು, ಹಿರಿಯ ಹೆಂಗಸರನ್ನು ಗೌರವದಿಂದ ದೋನ್ಯಾ ಎನ್ನುವುದು. ಆಕೆ ಹುಡುಗಿಯ ಅಂಗಿ ಸಡಿಲಿಸಿದಾಗ ಒಳಗಿನ ಪ್ಲಾಸ್ಟಿಕ್ಕಿನಿಂದ ಬೆವರು ತೊಟ್ಟಿಕ್ಕಿತು. ಆಕೆ ಅದನ್ನು ಕತ್ತರಿಸಿ ತೆಗೆದು, ಮೈ ಒರೆಸಿ, ಸ್ವಲ್ಪ ಸ್ವಲ್ಪವಾಗಿ ಸಕ್ಕರೆ ಉಪ್ಪಿನ ನೀರು ಕುಡಿಸಿದರು. ತೂಕ ನೋಡಿದರು, ಬೆರಳು ಚುಚ್ಚಿ ರಕ್ತ ನೋಡಿದರು. ಹುಡುಗಿ ಎದ್ದು ಕೂತ ಮೇಲೆ ಮೇಷ್ಟ್ರನ್ನು ಹೊರಗೆ ಕಳಿಸಿ ಕೇಳಿದರು.

"ಮುಟ್ಟಾಗಿ ಎಷ್ಟು ದಿನ ಆಯ್ತು?"

ಒಡಿಲಿಯಾ ತಲೆ ತಗ್ಗಿಸಿದಳು. "ಹೋದ ತಿಂಗಳು ಆಗ್ಲಿಲ್ಲ. ಈ ತಿಂಗಳೂ ಇಲ್ಲ."

"ಮೊದಲು ಸರಿಯಾಗಿ ಆಗ್ತಿತ್ತಾ?"

"ಹೂಂ."

"ಇವತ್ತು ಏನು ತಿಂದೆ?"

"ಏನೂ ಇಲ್ಲ."

"ನಿನ್ನೆ?"

ಹುಡುಗಿ ಅಜ್ಜಿಯ ಮುಖ ನೋಡದೆ ನಾಯಿಯ ವಿಷಯ ಹೇಳಿಬಿಟ್ಟಳು. ಮಕಾರಿಯಾಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು, ಎರಡನ್ನೂ ನುಂಗಿಕೊಂಡು ವಾದಕ್ಕೆ ನಿಂತಳು. ಅವಳ ಸ್ವಭಾವವೇ ಹಾಗೆ.

"ತಪ್ಪು ನಂದೇ ಸೆನ್ಯೊ, ನಾನೇ ಹೇಳಿದ್ದು. ಆದ್ರೆ ನಮ್ಮಣ್ಣ ಹಾಗೇ ಮಾಡಿ ಓಡಿದ್ದನ್ನ ಈ ಕಣ್ಣಲ್ಲೇ ನೋಡಿದೀನಿ. ಅವನಿಗೇನೂ ಆಗ್ಲಿಲ್ಲ. ಇವಳಿಗ್ಯಾಕೆ ಹೀಗಾಯ್ತು?"

"ನಿಮ್ಮಣ್ಣ ಏನು ಕೆಲಸ ಮಾಡ್ತಿದ್ರು?"

"ಸೌದೆ ಹೊರ್ತಿದ್ದ. ಹಣೆಗೆ ಪಟ್ಟಿ ಕಟ್ಕೊಂಡು, ಬೆನ್ನ ಮೇಲೆ ಹೊರೆ ಹಾಕ್ಕೊಂಡು ಬೆಟ್ಟದಿಂದ ಇಳಿಯೋನು. ಏಳನೇ ವರ್ಷದಿಂದ."

"ಊಟ?"

"ಅಯ್ಯೋ, ಅವನ ಊಟ ಕೇಳ್ಬೇಡಿ. ಒಂದು ಸಲಕ್ಕೆ ಹನ್ನೆರಡು ರೊಟ್ಟಿ. ಜೊತೆಗೆ ಒಂದು ಬಟ್ಟಲು ಕರಿ ಹುರುಳಿಕಾಯಿ ಕಾಳು. ತಟ್ಟಿ ತಟ್ಟಿ ನಮ್ಮಮ್ಮನ ಕೈ ಸೋತು ಹೋಗ್ತಿತ್ತು."

ಫ್ಲೋರಿದಾಲ್ಮಾ ನಕ್ಕರು. "ಹಾಗಾದ್ರೆ ಅವರು ಓಡಿದ ದಿನ ಒಂದೇ ದಿನ ತಿಂದಿರ್ಲಿಲ್ಲ. ಅದರ ಹಿಂದಿನ ಅಷ್ಟೂ ವರ್ಷ ತಿಂದಿದ್ರು, ಹೊರೆ ಹೊತ್ತಿದ್ರು. ಏರು ಹತ್ತಿಸಿದ್ದು ಅದು. ಪ್ಲಾಸ್ಟಿಕ್ಕಲ್ಲ, ಉಪವಾಸವೂ ಅಲ್ಲ. ಬೆವರಲ್ಲಿ ಇಳಿಯೋದು ಬರೀ ನೀರು ದೋನ್ಯಾ ಮಕಾರಿಯಾ. ಒಂದು ಚೆಂಬು ನೀರು ಕುಡಿದ್ರೆ ಆ ತೂಕ ವಾಪಸ್ ಬರುತ್ತೆ. ಆದ್ರೆ ಮೈಯ ಕಾವು ಹೊರಗೆ ಹೋಗದೆ ಒಳಗೇ ಸಿಕ್ಕಿಕೊಂಡ್ರೆ ಜೀವಕ್ಕೇ ಕುತ್ತು. ಇವತ್ತು ಪುಣ್ಯಕ್ಕೆ ಬಚಾವಾದಳು."

ಅಜ್ಜಿ ಕಯೆತಾನೊನ ಹನ್ನೆರಡು ರೊಟ್ಟಿಯನ್ನು ಮರೆತು ಆ ಒಂದು ದಿನದ ಉಪವಾಸವನ್ನಷ್ಟೇ ನೆನಪಿಟ್ಟುಕೊಂಡಿದ್ದಳು. ಇಷ್ಟಾದರೂ ಅವಳ ಅನುಮಾನ ಪೂರ್ತಿ ಹೋಗಲಿಲ್ಲ. ತಿಂದರೆ ಭಾರ, ಭಾರವಾದರೆ ಏರು ಹತ್ತಲಾಗದು ಎಂಬ ಲೆಕ್ಕ ಅವಳ ತಲೆಯಲ್ಲಿ ಬೇರೂರಿತ್ತು. ಫ್ಲೋರಿದಾಲ್ಮಾ ಅದನ್ನು ಅವಳ ಮುಖದಲ್ಲೇ ಓದಿಕೊಂಡರು.

"ನಾಳೆ ಬೆಳಿಗ್ಗೆ ರೊಟ್ಟಿ ತಗೊಳ್ಳೋಕೆ ನಿಮ್ಮನೆಗೇ ಬರ್ತೀನಿ. ಒಲೆ ಹಚ್ಚದೆ ಕಾಯ್ತಿರಿ," ಎಂದರು.

ಭಾನುವಾರ ಬೆಳಿಗ್ಗೆ ಬಂದವರೇ ಒಲೆಯ ಮುಂದೆ ಕೂತರು. ಅಜ್ಜಿ ಎಂದಿನಂತೆ ರಾಳ ಸುರಿಯುವ ಪೈನ್ ಚಕ್ಕೆಗಳನ್ನು ಜೋಡಿಸಿ ಕಡ್ಡಿ ಗೀರಿದಳು. ಬೆಂಕಿ ಬುಗ್ಗೆಂದು ಎದ್ದಿತು.

"ಇವತ್ತು ಈ ಚಕ್ಕೇಲೇ ಕಾಳು ಬೇಯಿಸಿ," ಎಂದರು ಸೆನ್ಯೊ.

"ಯಾವ ಹುಚ್ಚಿ ಚಕ್ಕೇಲಿ ಕಾಳು ಬೇಯಿಸ್ತಾಳೆ? ಇದು ಹಚ್ಚೋಕಷ್ಟೇ. ಎರಡು ನಿಮಿಷ ಧಗಧಗ ಅನ್ನುತ್ತೆ, ಆಮೇಲೆ ಬೂದಿ. ಕಾಳು ಬೇಯೋಕೆ ಓಕ್ ಮರದ ಕೊರಡು ಬೇಕು. ಅದು ನಿಧಾನ, ಆದ್ರೆ ಮಧ್ಯಾಹ್ನದವರೆಗೂ ಉರಿಯುತ್ತೆ."

"ಒಡಿಲಿಯಾ ಸ್ಮಶಾನದ ಗೋಡೆ ಹತ್ರ ಓಡ್ತಿದ್ಲಲ್ಲ, ಅದು ಚಕ್ಕೆ ಬೆಂಕಿ. ಉಸಿರು ಕಟ್ಟೋ ಹಾಗೆ ಓಡಿದಾಗ ಮೈ ಮಾಂಸಖಂಡದಲ್ಲಿ ಕೂಡಿಟ್ಟ ಸಕ್ಕರೆಯನ್ನ ಬೇಗ ಬೇಗ ಉರಿಸುತ್ತೆ. ಶಕ್ತಿ ತಕ್ಷಣ ಸಿಗುತ್ತೆ, ತಕ್ಷಣ ಮುಗಿಯುತ್ತೆ. ನಿಂತ ಮೇಲೂ ಸ್ವಲ್ಪ ಹೊತ್ತು ಏದುಸಿರು ಬರುತ್ತಲ್ಲ, ಆಗಲೂ ಮೈ ಸ್ವಲ್ಪ ಹೆಚ್ಚು ಖರ್ಚು ಮಾಡ್ತಿರುತ್ತೆ. ಅದೂ ಒಳ್ಳೆ ವ್ಯಾಯಾಮವೇ, ಬೇಡ ಅನ್ನಲ್ಲ. ಆದ್ರೆ ಮೂರು ಕಿಲೋಮೀಟರ್ ಏರಿಗೆ ಅದೊಂದೇ ಸಾಲದು. ನಿಧಾನವಾಗಿ, ಮಾತಾಡ್ಕೊಂಡು ಓಡೋದಿದೆಯಲ್ಲ, ಅದು ಕೊರಡಿನ ಬೆಂಕಿ. ಅದರಲ್ಲಿ ಸಕ್ಕರೆ ಜೊತೆಗೆ ಮೈಯಲ್ಲಿರೋ ಕೊಬ್ಬೂ ಉರಿಯುತ್ತೆ. ತುಂಬ ಹೊತ್ತು ಬಾಳುತ್ತೆ."

"ಸರಿ, ಉರೀಲಿ," ಎಂದಳು ಅಜ್ಜಿ. "ಹಾಗಾದ್ರೆ ತಿನ್ನದಿದ್ರೆ ಕೊಬ್ಬು ಇನ್ನೂ ಬೇಗ ಉರೀಬೇಕಲ್ಲ?"

"ಮನೇಲಿ ಸೌದೆ ಕಡಿಮೆ ಆದ್ರೆ ನೀವೇನು ಮಾಡ್ತೀರಿ?"

"ಉಳಿಸಿ ಉಳಿಸಿ ಉರಿಸ್ತೀನಿ. ಸಂಜೆ ಒಲೆ ಹಚ್ಚೋದೇ ಇಲ್ಲ." ಹೇಳುತ್ತಾ ಹೇಳುತ್ತಾ ಅಜ್ಜಿಯ ಮಾತು ನಿಧಾನವಾಯಿತು.

"ಮೈಯೂ ಅದನ್ನೇ ಮಾಡುತ್ತೆ. ನಾವು ಸುಮ್ನೆ ಮಲಗಿದ್ರೂ ಹೃದಯ ಬಡೀಬೇಕು, ಮಿದುಳು ಕೆಲಸ ಮಾಡ್ಬೇಕು, ಈ ವಯಸ್ಸಲ್ಲಿ ಮೂಳೆ ಬೆಳೀಬೇಕು. ಸಾಮಾನ್ಯವಾಗಿ ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತೆ. ಊಟ ಸಾಲದೆ ಓಡಿದ್ರೆ ಮೈ ಒಂದೊಂದೇ ಖರ್ಚು ಕಡಿಮೆ ಮಾಡುತ್ತೆ. ಮುಟ್ಟು ನಿಲ್ಲಿಸುತ್ತೆ. ಬೆಳವಣಿಗೆ ನಿಧಾನ ಮಾಡುತ್ತೆ. ಪಾಠ ತಲೆಗೆ ಹತ್ತಲ್ಲ. ಗಂಡುಮಕ್ಕಳಿಗೂ ಹೀಗೇ ಆಗುತ್ತೆ, ಆದ್ರೆ ಅವರಲ್ಲಿ ಬೇಗ ಕಣ್ಣಿಗೆ ಬೀಳಲ್ಲ."

ಒಡಿಲಿಯಾ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. ಒಂದು ತಿಂಗಳಿಂದ ಗಣಿತದ ಪಾಠ ಯಾಕೆ ತಲೆಗೆ ಹೋಗುತ್ತಿರಲಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಅವಳು ಬಂದು ಅಜ್ಜಿಯ ಪಕ್ಕ ಕೂತು ಕೇಳಿದಳು.

"ಸೆನ್ಯೊ, ನಾನು ಏರು ಓಡಲೇಬೇಕು. ಏನು ಹೇಳ್ತೀರೋ ಅದನ್ನ ಮಾಡ್ತೀನಿ."

"ಮೊದಲ ಹತ್ತು ದಿನ ಓಟ ಇಲ್ಲ."

ಹುಡುಗಿಯ ಮುಖ ಸಪ್ಪಗಾಯಿತು. "ಓಡದೆ ಓಟ ಕಲಿಯೋದು ಹೇಗೆ?"

"ಮೂರು ಹೊತ್ತು ತಿನ್ನೋದನ್ನ ಮೊದಲು ಕಲಿ. ರೊಟ್ಟಿ, ಕಾಳು, ಮೊಟ್ಟೆ, ಸೊಪ್ಪು, ಬಾಳೆಹಣ್ಣು. ರಕ್ತ ಕಡಿಮೆ ಇದೆ, ಮಾತ್ರೆ ಕೊಡ್ತೀನಿ. ಆಟೊ ಬಿಟ್ಟು ಶಾಲೆಗೆ ನಿಧಾನವಾಗಿ ನಡೆದು ಹೋಗು. ಬೆಳಿಗ್ಗೆ ಒಂದು ಗಂಟೆ ಬೆವರು ಸುರಿಸಿ ಉಳಿದ ದಿನವೆಲ್ಲ ಕೂತೇ ಇರೋದೂ ಒಳ್ಳೇದಲ್ಲ. ಆಮೇಲೆ ವಾರಕ್ಕೆ ಮೂರು ದಿನ ತೋಳು, ತೊಡೆ, ಬೆನ್ನು ಗಟ್ಟಿಯಾಗೋ ಕೆಲಸ. ಬಸ್ಕಿ ಹೊಡಿ. ಗೋಡೆಗೆ ಕೈ ಕೊಟ್ಟು ತಳ್ಳು. ಜೋಳದ ಬಕೆಟ್ ಎತ್ತಿ ಇಳಿಸು."

ಅಜ್ಜಿ ಮೂಗು ಮುರಿದಳು. "ಹೆಣ್ಣುಮಗು ಭಾರ ಎತ್ತಿದ್ರೆ ಗಂಡಸಿನ ತೋಳು ಬರುತ್ತೆ. ನಾಳೆ ಯಾರಾದ್ರೂ ಆಡ್ಕೋತಾರೆ."

"ನಿಮ್ಮ ತೋಳು ತೋರಿಸಿ ನೋಡೋಣ."

ನಲವತ್ತೈದು ವರ್ಷ ಹಿಟ್ಟು ನಾದಿದ ತೋಳು ಅದು. ಅಜ್ಜಿ ತಕ್ಷಣ ಶಾಲಿನೊಳಗೆ ಮುಚ್ಚಿಕೊಂಡಳು. ಒಡಿಲಿಯಾ ಅಷ್ಟು ದಿನದ ಮೇಲೆ ಮೊದಲ ಸಲ ಬಾಯಿ ತುಂಬ ನಕ್ಕಳು.

"ಈ ತೋಳು ನೋಡಿ ಇಷ್ಟು ವರ್ಷ ಯಾರೂ ಆಡ್ಕೊಂಡಿಲ್ಲವಲ್ಲ," ಎಂದರು ಸೆನ್ಯೊ. "ಮಾಂಸಖಂಡ ಗಟ್ಟಿಯಿದ್ರೆ ಸುಮ್ನೆ ಕೂತಾಗಲೂ ಮೈ ಸ್ವಲ್ಪ ಹೆಚ್ಚು ಉರಿಸುತ್ತೆ. ಸ್ವಲ್ಪ ಅಷ್ಟೇ, ಪವಾಡ ಏನೂ ಆಗಲ್ಲ. ಆದ್ರೆ ಏರಲ್ಲಿ ಮೈಯನ್ನ ಮೇಲಕ್ಕೆ ತಳ್ಳೋದು ತೊಡೆ. ಅದಕ್ಕೆ ಬಲ ಬೇಡ್ವೇ?"

ಹತ್ತು ದಿನ ಅಜ್ಜಿ ಮೊಮ್ಮಗಳ ಎದುರಿಗೇ ಕೂತು ಊಟ ಮಾಡಿಸಿದಳು, ಕೊನೆಯ ತುತ್ತಿನವರೆಗೆ ಕಣ್ಣು ತೆಗೆಯಲಿಲ್ಲ. ಒಡಿಲಿಯಾಗೆ ಮೊದಲೆರಡು ದಿನ ಹೊಟ್ಟೆ ಭಾರವೆನಿಸಿತು. ನಾಲ್ಕನೇ ದಿನ ಅವಳೇ ಇನ್ನೊಂದು ರೊಟ್ಟಿ ಕೇಳಿದಳು. ಅಜ್ಜಿ ಅತ್ತ ತಿರುಗಿ ಕಣ್ಣೊರೆಸಿಕೊಂಡು, ಹೊಗೆ ಹೊಗೆ ಎಂದು ಗೊಣಗಿದಳು.

ಹನ್ನೊಂದನೇ ದಿನ ಸೆನ್ಯೊ ಇಬ್ಬರನ್ನೂ ಸೇತುವೆಗೆ ಕರೆಸಿದರು. "ಒಡಿಲಿಯಾ, ಅಜ್ಜಿ ಜೊತೆ ನಡಿ. ಅಜ್ಜಿ ನಡೆದಷ್ಟೇ ವೇಗ. ದಾರಿಯುದ್ದಕ್ಕೂ ಮಾತಾಡ್ತಾ ಇರ್ಬೇಕು. ಮಾತು ನಿಂತ ಕಡೆ ವೇಗ ಕಡಿಮೆ ಮಾಡು."

ಮಕಾರಿಯಾ ವಾರಕ್ಕೆರಡು ಸಲ ತಲೆಯ ಮೇಲೆ ಬುಟ್ಟಿ ಹೊತ್ತು ಆ ಏರನ್ನು ಹತ್ತುವವಳು. ಅವಳು ಪಕ್ಕದ ಮನೆಯವಳ ಜಗಳ, ಗಿರಣಿಯವನ ಸೊಕ್ಕು, ಪಾದ್ರಿಯ ಹೊಸ ಚಪ್ಪಲಿ ಎಲ್ಲದರ ವರದಿ ಒಪ್ಪಿಸುತ್ತಾ ಹತ್ತಿದಳು. ಅರ್ಧ ದಾರಿಯಲ್ಲಿ ಒಡಿಲಿಯಾಗೆ ಹೂಂಗುಟ್ಟಲೂ ಉಸಿರಿರಲಿಲ್ಲ.

"ನೀನು ಇವತ್ತು ಓಡಿದ್ರೆ ಮತ್ತೆ ಬೀಳ್ತೀಯ," ಎಂದಳು ಅಜ್ಜಿ. ಈಗ ಅವಳ ದನಿಯಲ್ಲಿ ಅನುಮಾನವಿರಲಿಲ್ಲ. "ನಡಿ, ನಾಳೆ ಮತ್ತೆ ಬರೋಣ. ಬಸ್ಸಲ್ಲಿ ಕೂರಿಸ್ತಾರಂತೆ. ನೋಡೇಬಿಡೋಣ."

ಅಂದಿನಿಂದ ಬೆಳಗಿನ ರೊಟ್ಟಿ ಮುಗಿದ ಕೂಡಲೇ ಇಬ್ಬರೂ ಹೊರಟರು. ಮಧ್ಯಾಹ್ನದ ಮಳೆ ರಸ್ತೆಯನ್ನು ಕೆಸರು ಮಾಡಿದರೂ ಬಿಡಲಿಲ್ಲ. ಮೊದಲ ವಾರ ನಡಿಗೆ, ಎರಡನೇ ವಾರ ಸ್ವಲ್ಪ ನಡಿಗೆ ಸ್ವಲ್ಪ ಓಟ, ಮೂರನೇ ವಾರದಿಂದ ಮಾತಾಡಿಕೊಂಡು ಓಟ. ತರಗತಿಯ ಹುಡುಗರು ಪಕ್ಕದಲ್ಲೇ ದಡದಡನೆ ಓಡಿ ಹೋಗುತ್ತಾ, "ಅಜ್ಜಿಗೆ ಪಂಜು ಕೊಡ್ರೋ, ಅವರೇ ವಾಸಿ," ಎಂದು ಕಿಚಾಯಿಸುತ್ತಿದ್ದರು. ಒಡಿಲಿಯಾಗೆ ಅವರನ್ನು ಹಿಂದೆ ಹಾಕಿ ತೋರಿಸಬೇಕೆಂದು ಕಾಲು ತುರಿಸುತ್ತಿತ್ತು. ಹಲ್ಲು ಕಚ್ಚಿ ತನ್ನ ವೇಗದಲ್ಲೇ ಉಳಿದಳು. ವಾರಕ್ಕೊಂದು ದಿನ ಮಾತ್ರ ಸೆನ್ಯೊ ಹೇಳಿದಷ್ಟು ಹೊತ್ತು ಜೋರು ಓಟ. ಮೂರು ದಿನ ಬಸ್ಕಿ, ಬಕೆಟ್ಟು. ಒಂದು ದಿನ ಪೂರ್ತಿ ವಿಶ್ರಾಂತಿ. ಎಲ್ಲಕ್ಕಿಂತ ಕಷ್ಟವಾದದ್ದು ಆ ವಿಶ್ರಾಂತಿಯೇ ಎಂದು ಅವಳು ಈಗಲೂ ಹೇಳುತ್ತಾಳೆ.

ಆಗಸ್ಟ್ ಮೂವತ್ತೊಂದಕ್ಕೆ ಫ್ಲೋರಿದಾಲ್ಮಾ ಮತ್ತೆ ತೂಕ ನೋಡಿದರು, ರಕ್ತ ನೋಡಿದರು. ಮುಟ್ಟು ಮರಳಿ ಬಂದಿತ್ತು. ಏರನ್ನು ಪೂರ್ತಿ ಓಡಿಸಿ ನೋಡಿ, ರಸ್ತೆ ಬದಿಯ ಕಟ್ಟೆಯ ಮೇಲೇ ಕಾಗದ ಇಟ್ಟು ಸಹಿ ಹಾಕಿದರು. ತೂಕ ಎರಡೂವರೆ ಕಿಲೋ ಏರಿತ್ತು. ಅಜ್ಜಿ ಅದನ್ನು ಎರಡು ಸಲ ಓದಿಸಿ ಕೇಳಿದಳು.

ಸೆಪ್ಟೆಂಬರ್ ಹದಿನಾಲ್ಕರ ಮಧ್ಯಾಹ್ನ ಸಾನ್ ಹಸಿಂತೊ ಊರಿಗೆ ಊರೇ ರಸ್ತೆಗೆ ಇಳಿದಿತ್ತು. ಸೇತುವೆಯ ಕಡೆಯಿಂದ ಸೀಟಿಗಳ ಸದ್ದು ಬಂತು. ಒಡಿಲಿಯಾ ಕೈಗೆ ಪಂಜು ಬಂದದ್ದನ್ನು ಯಾರೋ ಕೂಗಿ ಹೇಳಿದರು. ಸುತ್ತ ಓಡುತ್ತಿದ್ದ ಹುಡುಗರು ಜನ ನೋಡುತ್ತಿದ್ದಾರೆಂದು ಮೊದಲ ಏರಿನಲ್ಲೇ ಮುಂದೆ ನುಗ್ಗಿದರು. ರಸ್ತೆ ಬದಿಯವರು ವಾಡಿಕೆಯಂತೆ ಓಡುವವರ ಮೇಲೆ ನೀರಿನ ಪೊಟ್ಟಣಗಳನ್ನು ಎಸೆಯುತ್ತಾ, ಜೋರಾಗಿ ಓಡು ಎಂದು ಹುರಿದುಂಬಿಸಿದರು. ಅವಳು ಯಾರ ಮಾತಿಗೂ ಕಿವಿಗೊಡಲಿಲ್ಲ. ಸ್ಮಶಾನದ ತಿರುವು ಬರುವ ಹೊತ್ತಿಗೆ ಮುಂದೆ ನುಗ್ಗಿದ್ದ ಹುಡುಗರಲ್ಲಿ ಮೂವರು ಸೊಂಟ ಹಿಡಿದು ನಡೆಯುತ್ತಿದ್ದರು.

ಅದೇ ತಿರುವಿನಲ್ಲಿ ಏರು ಕಡಿದಾಗುತ್ತದೆ. ಒಡಿಲಿಯಾಳ ಹೆಜ್ಜೆ ನಿಧಾನವಾಯಿತು, ಪಂಜು ಹಿಡಿದ ಕೈ ಸ್ವಲ್ಪ ಕೆಳಗಿಳಿಯಿತು. ಅಲ್ಲೇ ನಿಂತಿದ್ದ ಮಕಾರಿಯಾ ಲಂಗ ಎತ್ತಿ ಹಿಡಿದು ಗುಂಪಿನಿಂದ ಹೊರಗೆ ಬಂದು ಮೊಮ್ಮಗಳ ಪಕ್ಕದಲ್ಲೇ ದಾಪುಗಾಲು ಹಾಕಿದಳು.

"ಮಗಾ, ಏನಾದ್ರೂ ಮಾತಾಡು. ಒಂದು ಮಾತಾಡು ಸಾಕು."

"ಅಜ್ಜಿ, ನೀವು ಪಕ್ಕಕ್ಕೆ ಹೋಗಿ, ಕಾಲಿಗೆ ಸಿಗ್ತೀರ, ಇಬ್ಬರೂ ಒಟ್ಟಿಗೆ ಬೀಳ್ತೀವಿ," ಎಂದಳು ಒಡಿಲಿಯಾ, ಒಂದೇ ಉಸಿರಿನಲ್ಲಿ.

ಮಕಾರಿಯಾ ರಸ್ತೆಯ ಬದಿಗೆ ಸರಿದು ನಿಂತಳು. ಅಷ್ಟು ಉದ್ದದ ಬೈಗುಳ ಬಂದದ್ದಕ್ಕೆ ಅವಳಿಗೆ ಪರಮಾನಂದವಾಯಿತು. ಮುಂದೆ ಚೌಕ ಕಾಣುತ್ತಿದ್ದಂತೆ ಒಡಿಲಿಯಾ ಉಳಿಸಿಟ್ಟ ಶಕ್ತಿಯನ್ನೆಲ್ಲ ಕಾಲಿಗೆ ತಂದುಕೊಂಡು ನಿಜವಾಗಿ ಓಡಿದಳು. ಪಂಜನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಇಗರ್ಜಿಯ ಮೆಟ್ಟಿಲು ಮುಟ್ಟಿದಳು. ಬ್ಯಾಂಡು ಬಾರಿಸಿತು. ಬೌದಿಲಿಯೊ ಮೇಷ್ಟ್ರು ಅಳುತ್ತಿದ್ದರು, ಆದರೆ ಇಲ್ಲವೆನ್ನುತ್ತಾರೆ.

ಅಜ್ಜಿ ಏದುಸಿರು ಬಿಡುತ್ತಾ ಚೌಕಕ್ಕೆ ಬಂದಾಗ ಊರವರೆಲ್ಲ ಹುಡುಗಿಯನ್ನು ಸುತ್ತುವರಿದಿದ್ದರು. ಹೇಗನಿಸ್ತಿದೆ ಹೇಳಮ್ಮ ಎಂದು ಯಾರೋ ಮೈಕು ಹಿಡಿದರು. ಒಡಿಲಿಯಾ ಗುಂಪಿನ ತಲೆಗಳ ಮೇಲಿಂದ ಅಜ್ಜಿಯನ್ನು ಹುಡುಕಿದಳು. ಮೈಕಿನಲ್ಲೇ, ಇಡೀ ಊರಿಗೆ ಕೇಳುವಂತೆ ಹೇಳಿದಳು:

"ಅಜ್ಜಿ, ಹಸಿವಾಗ್ತಿದೆ. ತಿನ್ನೋಕೆ ಏನು ತಂದಿದೀರ?"

ಓದುತ್ತಿರುವ ತಮ್ಮಂದಿರೇ, ತಂಗಿಯರೇ, ನೀವು ಪಂಜು ಹಿಡಿಯದಿರಬಹುದು. ಆದರೂ ದಿನಕ್ಕೆ ಒಂದು ಗಂಟೆಯಾದರೂ ಮೈ ಆಡಲಿ. ಸ್ವಲ್ಪ ಹೊತ್ತು ಜೋರಾಗಿ, ಹೆಚ್ಚು ಹೊತ್ತು ಮಾತಾಡಿಕೊಂಡು ಓಡುವಷ್ಟು ವೇಗದಲ್ಲಿ, ವಾರಕ್ಕೆ ಮೂರು ದಿನ ತೋಳು ತೊಡೆ ಗಟ್ಟಿಯಾಗುವಂತೆ. ಒಂದು ಬಗೆಯ ವ್ಯಾಯಾಮ ಇನ್ನೊಂದರ ಕೆಲಸ ಮಾಡುವುದಿಲ್ಲ, ಯಾವ ವ್ಯಾಯಾಮವೂ ಊಟದ ಕೆಲಸ ಮಾಡುವುದಿಲ್ಲ. ಬೆವರು ಇಳಿಸಲು ಪ್ಲಾಸ್ಟಿಕ್ ಸುತ್ತಿಕೊಳ್ಳಬೇಡಿ. ತಲೆ ಸುತ್ತಿದರೆ, ಮುಟ್ಟು ನಿಂತರೆ, ಸುಸ್ತು ಬಿಡದಿದ್ದರೆ ಮುಚ್ಚಿಡದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ.

ಹಿರಿಯರೇ, ಮಕಾರಿಯಾ ಅಜ್ಜಿಗೆ ತಿಳಿಯಲು ಎರಡು ತಿಂಗಳು ಹಿಡಿಯಿತು. ನೀವು ಅಷ್ಟು ಕಾಯಬೇಡಿ. ಇದನ್ನು ಓದಿ ಮುಗಿಸಿದ ಕೂಡಲೇ ನಿಮ್ಮ ಮನೆಯ ಮಗುವನ್ನು ಕರೆದು, ಇವತ್ತು ಏನು ತಿಂದೆ ಎಂದು ಕೇಳಿ.